ಅಪ್ಪ ಮರೆವಿನ ಸಂಶೋಧನೆಗೆ ಸೇರಬಹುದಾ? ಅತ್ತೆಯ ಪರವಾಗಿ ನಾವು ಸಹಿ ಹಾಕಬಹುದಾ?

ಪ್ರಶ್ನೆ: ನನ್ನ ಅಪ್ಪನಿಗೆ 67 ವರ್ಷ. ಅಮ್ಮನ ಜೊತೆ ಕೋಲಾರದ ಕಡೆ ಹಳ್ಳಿಯಲ್ಲಿದ್ದಾರೆ. ಸ್ವಲ್ಪ ಸಕ್ಕರೆ ಕಾಯಿಲೆ ಬಿಟ್ಟರೆ ಗಟ್ಟಿಯಾಗಿದ್ದಾರೆ. ಅಪ್ಪನ ತಾಯಿಗೆ ಕೊನೆಯ ಕೆಲವು ವರ್ಷ ಮನೆಯವರ ಗುರುತೇ ಸಿಗುತ್ತಿರಲಿಲ್ಲ. ಈಗ ನೆನಪು ಮತ್ತು ವಯಸ್ಸಿನ ಬಗ್ಗೆ ನಡೆಯುವ ಸಂಶೋಧನೆಗೆ ಜನ ಬೇಕು ಅಂತ ಊರಲ್ಲಿ ಕೇಳುತ್ತಿದ್ದಾರೆ. ಅಪ್ಪ ತಯಾರು. ಅಮ್ಮ ಮಾತ್ರ "ಚೆನ್ನಾಗಿರೋರನ್ನ ಆಸ್ಪತ್ರೆಗೆ ಯಾಕೆ ಕರೀತಾರೆ, ರಕ್ತ ತಗೊಂಡು ಏನು ಮಾಡ್ತಾರೋ" ಅಂತ ಹಟ ಹಿಡಿದಿದ್ದಾರೆ. ಇನ್ನೊಂದು, ಬೆಂಗಳೂರಲ್ಲಿ ನಮ್ಮ ಜೊತೆಗಿರುವ ಅತ್ತೆಗೆ ಕಳೆದ ವರ್ಷ ಆಲ್ಝೈಮರ್ಸ್ ಶುರುವಾಗಿದೆ ಅಂತ ಡಾಕ್ಟರು ಹೇಳಿದರು. ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಅವರ ಪರವಾಗಿ ನಾವು ಸಹಿ ಹಾಕಿದರೆ ಸಾಕಾ? ಸೇರಿಸುವುದು ಸರಿಯಾ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಎರಡಕ್ಕೂ ಉತ್ತರ ಬೇರೆ. ಎರಡಕ್ಕೂ ಸಂಶೋಧನೆ ಅಂತಲೇ ಹೆಸರು, ಅದಕ್ಕೇ ಮನೆಯಲ್ಲಿ ಗೊಂದಲ ಆಗಿದೆ. ಅಪ್ಪನನ್ನು ಕರೆಯುತ್ತಿರುವುದು ಸುಮ್ನೆ ಗಮನಿಸುವ ಅಧ್ಯಯನಕ್ಕೆ. ಅಲ್ಲಿ ಮಾತ್ರೆ, ಇಂಜೆಕ್ಷನ್ ಯಾವುದೂ ಕೊಡುವುದಿಲ್ಲ. ಪರೀಕ್ಷೆ ಮಾಡುತ್ತಾರೆ, ಬರೆದುಕೊಳ್ಳುತ್ತಾರೆ, ಕೆಲವು ಕಾಲ ಬಿಟ್ಟು ಮತ್ತೆ ಕರೆಯುತ್ತಾರೆ. ಅತ್ತೆಯ ವಿಷಯದಲ್ಲಿ ಮಾತಾಡುತ್ತಿರುವುದು ಔಷಧಿ ಪ್ರಯೋಗ. ಅಲ್ಲಿ ಇನ್ನೂ ಪೂರ್ತಿ ಗೊತ್ತಿಲ್ಲದ ಒಂದು ಔಷಧಿ ಮೈಯೊಳಗೆ ಹೋಗುತ್ತದೆ. ಅಪ್ಪನಿಗೆ ಮನಸ್ಸಿದ್ದರೆ ಧಾರಾಳವಾಗಿ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಅತ್ತೆಯ ವಿಷಯದಲ್ಲಿ ಆತುರ ಬೇಡ, ಮೊದಲು ಅವರನ್ನೇ ಕೇಳಬೇಕು. ಯಾಕೆ ಅಂತ ಹೇಳುತ್ತೇನೆ. ನೆನಪಿನ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಹಾಗಾಗಿ ಆ ಭಾಗ ಸ್ವಲ್ಪ ಉದ್ದ ಆದೀತು.

ಅಮ್ಮನ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅದು ತುಂಬಾ ಸರಿಯಾದ ಪ್ರಶ್ನೆ. ಚೆನ್ನಾಗಿರುವವರನ್ನು ಯಾಕೆ ಕರೆಯುತ್ತಾರೆ? ಈ ಕಾಯಿಲೆ ಮರೆವು ಕಾಣಿಸಿಕೊಂಡ ದಿನ ಶುರುವಾಗುವುದಿಲ್ಲ. ಆಲ್ಝೈಮರ್ಸ್‌ನಲ್ಲಿ ಮಿದುಳಿನೊಳಗೆ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಹತ್ತು ಹದಿನೈದು ವರ್ಷ ಮೊದಲೇ ಕೂಡಿಕೊಳ್ಳಲು ಶುರುವಾಗಿರುತ್ತದೆ. ಆಗ ಆ ವ್ಯಕ್ತಿ ಹೊಲ ನೋಡಿಕೊಂಡು, ಚೀಟಿ ದುಡ್ಡು ಕಟ್ಟಿಕೊಂಡು, ಮೊಮ್ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಂಡು ಆರಾಮಾಗಿ ಇರುತ್ತಾರೆ. ಕಾಯಿಲೆ ಬಂದವರನ್ನಷ್ಟೇ ನೋಡಿದರೆ ಕಥೆಯ ಕೊನೆ ಮಾತ್ರ ಗೊತ್ತಾಗುತ್ತದೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಒಂದೇ ಮನೆಯಲ್ಲಿ ಅಕ್ಕನಿಗೆ ಬಂದು ತಂಗಿಗೆ ಯಾಕೆ ಬರಲಿಲ್ಲ, ಇದು ತಿಳಿಯಬೇಕಾದರೆ ಚೆನ್ನಾಗಿರುವವರನ್ನೇ ವರ್ಷಗಟ್ಟಲೆ ನೋಡಬೇಕು. ಬೇರೆ ದಾರಿ ಇಲ್ಲ.

ನಿಮ್ಮ ಜಿಲ್ಲೆಯಲ್ಲೇ ಅಂಥ ಕೆಲಸ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ಒಂದು ಅಧ್ಯಯನ ಮಾಡುತ್ತಿದ್ದಾರೆ. ಸ್ಯಾನ್ಸ್‌ಕಾಗ್ ಅಂತ ಅದರ ಹೆಸರು. 45 ದಾಟಿದ 10,000 ಜನರನ್ನು ಸೇರಿಸಿಕೊಂಡು ದೀರ್ಘ ಕಾಲ ನೋಡುವ ಗುರಿ. ವೈದ್ಯರ ತಪಾಸಣೆ, ನೆನಪು ಮತ್ತು ಯೋಚನೆಯ ಪರೀಕ್ಷೆ, ರಕ್ತ, ವಂಶವಾಹಿ, ಮಿದುಳಿನ ಎಂಆರ್‌ಐ ಇಷ್ಟೂ ಅದರಲ್ಲಿ ಬರುತ್ತದೆ. ಬೆಂಗಳೂರು ನಗರದಲ್ಲಿ ಅದರದ್ದೇ ಜೋಡಿ ಅಧ್ಯಯನ ಇದೆ, ಅಲ್ಲಿ ಗುರಿ 1,000 ಜನ. ನಿಮ್ಮೂರಿಗೆ ಬಂದಿರುವವರು ಇವರೇನಾ, ಬೇರೆಯವರಾ ಅಂತ ನಿಮ್ಮ ಪತ್ರದಿಂದ ಗೊತ್ತಾಗಲಿಲ್ಲ. ಯಾರೇ ಆಗಿರಲಿ, ಯಾವ ಸಂಸ್ಥೆ ಅಂತ ಮೊದಲು ಕೇಳಿ. ಆ ಸಂಸ್ಥೆಯ ಕಚೇರಿಗೆ ನೀವೇ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಬಂದವರ ಕೊರಳಲ್ಲಿ ಗುರುತಿನ ಚೀಟಿ ಇದೆ ಅಂದ ಮಾತ್ರಕ್ಕೆ ನಂಬಬೇಕಾಗಿಲ್ಲ.

ಹಳ್ಳಿಗೇ ಯಾಕೆ ಬರಬೇಕು ಅಂತ ಕೇಳಬಹುದು. ಮರೆವಿನ ಕಾಯಿಲೆ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದಿರುವುದು ಅಮೆರಿಕ, ಯೂರೋಪಿನ ಓದಿದ ಜನರಿಂದ. ನಮ್ಮಲ್ಲಿ ಶಾಲೆಯ ಮುಖವನ್ನೇ ನೋಡದ ಎಷ್ಟೋ ಹಿರಿಯರಿದ್ದಾರೆ. ಸಕ್ಕರೆ ಕಾಯಿಲೆ ಜಾಸ್ತಿ, ವಿಟಮಿನ್ ಬಿ12 ಕೊರತೆ ಜಾಸ್ತಿ. ಊಟ ಬೇರೆ, ಕೆಲಸ ಬೇರೆ, ಮನೆಯಲ್ಲಿ ಜನ ಇರುವ ರೀತಿಯೂ ಬೇರೆ. ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುತ್ತದೆ ಅಂತ ಹೇಗೆ ಹೇಳುವುದು? ದೇಶದ ಹಲವು ರಾಜ್ಯಗಳ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಮರೆವಿನ ಕಾಯಿಲೆಗಳಿಗೆಲ್ಲ ಸೇರಿಸಿ ಹೇಳುವ ಹೆಸರು ಅದು, ಆಲ್ಝೈಮರ್ಸ್ ಅದರಲ್ಲಿ ಒಂದು ಬಗೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಆದರೆ ನಮ್ಮ ಕ್ಲಿನಿಕ್ಕಿಗೆ ಬರುವವರನ್ನು ನೋಡಿದರೆ ಉಲ್ಟಾ ಅನ್ನಿಸುತ್ತದೆ. ಹಳ್ಳಿಯ ಅಜ್ಜಿಯರು ಬರುವುದೇ ಇಲ್ಲ. ಅರವತ್ತಕ್ಕೆ ಅರಳು ಮರಳು ಅಂತ ಮನೆಯವರೇ ಕೈಬಿಟ್ಟಿರುತ್ತಾರೆ. ನಿಮ್ಮ ಅಜ್ಜಿಗೆ ಏನಾಗಿತ್ತು ಅಂತ ಯಾವ ಡಾಕ್ಟರಾದರೂ ನೋಡಿದ್ದರಾ? ಬಹುಶಃ ಇಲ್ಲ. ಹಾಗೆ ಯಾರ ಲೆಕ್ಕಕ್ಕೂ ಸಿಗದೆ ಹೋದ ಎಷ್ಟೋ ಜನ ಇದ್ದಾರೆ.

ನಮ್ಮ ಜನರನ್ನು ನೋಡಿದ್ದರಿಂದಲೇ ಗೊತ್ತಾದ ವಿಷಯಗಳೂ ಇವೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನ ಆಸ್ಪತ್ರೆಯಲ್ಲಿ 648 ಡಿಮೆನ್ಷಿಯಾ ರೋಗಿಗಳ ವಿವರ ನೋಡಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. 2013ರಲ್ಲಿ ಅದು ಪ್ರಕಟವಾಯಿತು. ಇದರ ಬಗ್ಗೆ ಸಂಶೋಧಕರ ನಡುವೆ ವಾದ ಇನ್ನೂ ಇದೆ, ಭಾಷೆ ಕಲಿತರೆ ಕಾಯಿಲೆ ಬರುವುದಿಲ್ಲ ಅಂತ ಯಾರೂ ತಿಳಿಯಬಾರದು. ಆದರೆ ಇಂಥ ಪ್ರಶ್ನೆಯನ್ನು ಕೇಳಲು ಸಾಧ್ಯವಾಗಿದ್ದೇ ಅಕ್ಷರ ಬಾರದಿದ್ದರೂ ಎರಡು ಮೂರು ಭಾಷೆ ಸಲೀಸಾಗಿ ಮಾತಾಡುವ ಜನ ನಮ್ಮಲ್ಲಿ ಇರುವುದರಿಂದ. ಕೋಲಾರದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಂತೆಯಲ್ಲಿ ಎರಡೂ.

ಮೈಸೂರಿನ ಮಿಷನ್ ಆಸ್ಪತ್ರೆಯದ್ದು ಇನ್ನೊಂದು ಉದಾಹರಣೆ. 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಹಳೆಯ ದಾಖಲೆಗಳಿದ್ದವು. ಸಂಶೋಧಕರು ಆ ಮಕ್ಕಳನ್ನು ಮೊದಲು ನಡುವಯಸ್ಸಿನಲ್ಲಿ ಹುಡುಕಿ ಹೃದಯ, ಸಕ್ಕರೆ ಕಾಯಿಲೆ ನೋಡಿದರು. ಆಮೇಲೆ ವಯಸ್ಸಾದ ಮೇಲೆ ಮತ್ತೆ ಕರೆದು ನೆನಪಿನ ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲಿದ್ದಾಗ ಮಗು ಬೆಳೆದ ರೀತಿಗೂ ಮುಪ್ಪಿನ ಮಿದುಳಿಗೂ ಏನಾದರೂ ನಂಟಿದೆಯಾ ಅನ್ನುವ ಪ್ರಶ್ನೆ ಅದು. ಹೆರಿಗೆ ವಾರ್ಡಿನಲ್ಲಿ ನರ್ಸುಗಳು ಬರೆದ ನಾಲ್ಕು ಅಂಕಿ ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು ನೋಡಿ. ಅಪ್ಪ ಕೊಡುವ ಮಾಹಿತಿಯೂ ಹೀಗೇ. ಇವತ್ತು ಅದರಿಂದ ಏನೂ ಗೊತ್ತಾಗದೇ ಇರಬಹುದು.

ಈಗ ಪರೀಕ್ಷೆಯ ದಿನ ಏನಾಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ. ಎದುರಿಗೆ ಒಬ್ಬರು ಕೂತು ಒಂದಷ್ಟು ಪದ ನಿಧಾನವಾಗಿ ಹೇಳುತ್ತಾರೆ. ಕೇಳಿಸಿಕೊಂಡು ನೆನಪಿದ್ದಷ್ಟು ತಿರುಗಿ ಹೇಳಬೇಕು. ಮತ್ತೆ ಅದೇ ಪದಗಳನ್ನು ಓದುತ್ತಾರೆ, ಮತ್ತೆ ಹೇಳಬೇಕು. ಆಮೇಲೆ ಬೇರೆ ಏನೋ ಕೆಲಸ ಕೊಟ್ಟು ಗಮನ ಆ ಕಡೆ ಎಳೆದು, ಸುಮಾರು ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ "ಆಗ ಹೇಳಿದ್ದೆನಲ್ಲ, ಆ ಪದಗಳು ಯಾವುವು?" ಅಂತ ಕೇಳುತ್ತಾರೆ. ನಮಗೆ ಮುಖ್ಯವಾಗಿ ಬೇಕಾಗಿರುವುದು ಈ ಕೊನೆಯ ಉತ್ತರ. ತಕ್ಷಣ ಹೇಳುವುದು ಬಹಳ ಜನಕ್ಕೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೇಳುವುದರಲ್ಲಿ ಆಲ್ಝೈಮರ್ಸ್ ಮೊದಲು ಕೈ ಹಾಕುತ್ತದೆ. ನಿಜವಾದ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ಓದಿಕೊಂಡು ಬಂದರೆ ಪರೀಕ್ಷೆಯೇ ಕೆಡುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಪ್ರಾಣಿಗಳ ಹೆಸರಿನ ಪರೀಕ್ಷೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೋ ಅಷ್ಟೂ ಹೇಳಬೇಕು, ಅಷ್ಟೇ. ಹಳ್ಳಿಯ ರೈತರಾದರೆ ಹಸು, ಎತ್ತು, ಎಮ್ಮೆ, ಕೋಣ, ಕುರಿ, ಮೇಕೆ, ನಾಯಿ, ಕೋಳಿ ಅಂತ ಹಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕಾಡು ನೆನಪಾಗುತ್ತದೆ, ಹಂದಿ, ನರಿ, ಮೊಲ, ಚಿರತೆ, ಆನೆ. ಪಟ್ಟಣದವರು ಹುಲಿ ಸಿಂಹದಿಂದಲೇ ಶುರು ಮಾಡುತ್ತಾರೆ. ನಾವು ಎಷ್ಟು ಹೆಸರು ಅಂತ ಎಣಿಸುವುದರ ಜೊತೆಗೆ ಹಟ್ಟಿಯಿಂದ ಕಾಡಿಗೆ ದಾಟಿದರಾ, ಅಲ್ಲೇ ಸಿಕ್ಕಿಕೊಂಡರಾ, ಹೇಳಿದ್ದನ್ನೇ ಗೊತ್ತಾಗದೆ ಮತ್ತೆ ಹೇಳಿದರಾ ಅಂತಲೂ ಗಮನಿಸುತ್ತೇವೆ. ಮಿದುಳಿನ ಬೇರೆ ಬೇರೆ ಭಾಗದ ಕೆಲಸ ಇದರಲ್ಲಿ ಒಟ್ಟಿಗೇ ಕಾಣುತ್ತದೆ, ಅದಕ್ಕೆ ಕಾಗದ ಪೆನ್ಸಿಲ್ಲೂ ಬೇಡ.

ಕಾಗದ ಪೆನ್ಸಿಲ್ ಬೇಕಾದ ಪರೀಕ್ಷೆಗಳೇ ನಮ್ಮಲ್ಲಿ ತೊಂದರೆ ಕೊಡುವುದು. ಗಡಿಯಾರ ಬರೆಯಿರಿ, ನೂರರಿಂದ ಏಳು ಏಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಇವೆಲ್ಲ ಶಾಲೆಗೆ ಹೋದವರಿಗಾಗಿ ಹುಟ್ಟಿದ್ದು. ಪೆನ್ಸಿಲ್ ಹಿಡಿದೇ ಗೊತ್ತಿಲ್ಲದ ಕೈಗೆ ಇದನ್ನು ಕೊಟ್ಟು ಅಂಕ ಕಡಿಮೆ ಬಂತು, ಮರೆವಿನ ಕಾಯಿಲೆ ಅಂದುಬಿಟ್ಟರೆ ಎಂಥ ಅನ್ಯಾಯ! ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಕೆಲಸ ಮಾಡಿದ ತಂಡ ಇದಕ್ಕೇ ಓದು ಬರಹದ ಹಂಗಿಲ್ಲದ ಹಿಂದಿ ಪರೀಕ್ಷೆಯನ್ನು ಮಾಡಿಕೊಂಡಿತು. ಕನ್ನಡದಲ್ಲೂ ಈಗ ಒಗ್ಗಿಸಿಕೊಂಡ ಪರೀಕ್ಷೆಗಳಿವೆ. ಆದರೂ ಇಂಥ ಓದಿನ, ಇಂಥ ವಯಸ್ಸಿನ ಕನ್ನಡಿಗರಿಗೆ ಎಷ್ಟು ಅಂಕ ಸಹಜ ಅಂತ ಹೇಳಬೇಕಾದರೆ ನಿಮ್ಮ ಅಪ್ಪನಂಥ ಆರೋಗ್ಯವಂತರು ಸಾಲು ಸಾಲಾಗಿ ಕೂತು ಪರೀಕ್ಷೆ ಮಾಡಿಸಿಕೊಂಡಿರಬೇಕು. ಮುಂದೆ ಯಾರೋ ಒಬ್ಬ ಅಜ್ಜಿ "ನನಗೆ ಮರೆವು" ಅಂತ ಬಂದಾಗ ಡಾಕ್ಟರು ಹೋಲಿಸಿ ನೋಡುವುದು ಅವರ ಅಂಕಗಳ ಜೊತೆಗೇ.

ಹೋಗುವ ದಿನಕ್ಕೆ ಕೆಲವು ಮಾತು. ಕನ್ನಡಕ, ಕಿವಿಯ ಮಷಿನ್ ಇದ್ದರೆ ಮರೆಯದೆ ಒಯ್ಯಲಿ. ಕೇಳಿಸದೇ ಹೋದದ್ದು ನೆನಪಿಲ್ಲ ಅಂತ ದಾಖಲಾಗಬಾರದು. ಸಕ್ಕರೆ ಕಾಯಿಲೆ ಇದೆ ಅಂದಿರಿ. ಖಾಲಿ ಹೊಟ್ಟೆಯ ರಕ್ತ ಬೇಕು ಅಂದರೆ ಬೆಳಗಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅಂತ ಮೊದಲೇ ಕೇಳಿಕೊಳ್ಳಿ, ರಕ್ತ ಕೊಟ್ಟ ತಕ್ಷಣ ತಿಂಡಿ ಸಿಗುವ ಹಾಗೆ ನೋಡಿಕೊಳ್ಳಿ. ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋದರೆ ಸಾಕು, ಹೆಸರು ನೆನಪಿಡಬೇಕಾಗಿಲ್ಲ. ಯಾವ ಭಾಷೆಯಲ್ಲಿ ಪರೀಕ್ಷೆ ಬೇಕು ಅಂತ ಅಪ್ಪನೇ ಹೇಳಲಿ. ಮನೆಯಲ್ಲಿ ತೆಲುಗು ಆಡುವವರು ಮರ್ಯಾದೆಗೆ ಅಂತ ಕನ್ನಡ ಒಪ್ಪಿಕೊಂಡು ಆಮೇಲೆ ಪದಕ್ಕೆ ತಡವರಿಸುವುದನ್ನು ನೋಡಿದ್ದೇನೆ.

ಇನ್ನೊಂದು, ದಯವಿಟ್ಟು ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಗಂಡ ತಡವರಿಸಿದಾಗ ಹೆಂಡತಿಗೆ ಕರುಳು ಚುರ್ ಅನ್ನುತ್ತದೆ, "ಅದೇ ರೀ, ನಿನ್ನೆ ಹೋಗಿದ್ವಲ್ಲ" ಅಂತ ಬಾಯಿಗೆ ಬಂದುಬಿಡುತ್ತದೆ. ಅದಕ್ಕೇ ನಾವು ಮನೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತೇವೆ. ಅಮ್ಮನನ್ನೂ ಕೇಳುತ್ತಾರೆ. ದುಡ್ಡಿನ ಲೆಕ್ಕ ಮೊದಲಿನ ಹಾಗೇ ಇಟ್ಟುಕೊಳ್ಳುತ್ತಾರಾ? ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರಾ? ಗೊತ್ತಿರುವ ದಾರಿ ತಪ್ಪಿದ್ದಿದೆಯಾ? ಇಲ್ಲಿ ಅಮ್ಮ ಗಂಡನನ್ನು ಬಿಟ್ಟುಕೊಡಬಾರದು ಅಂತ ಎಲ್ಲ ಚೆನ್ನಾಗಿದೆ ಅನ್ನುವುದು ಬೇಡ. ನಮ್ಮ ಮನೆಗಳಲ್ಲಿ ಇನ್ನೊಂದು ಕಷ್ಟ ಇದೆ. ವಯಸ್ಸಾದವರ ಕೆಲಸವನ್ನೆಲ್ಲ ಮಗ ಸೊಸೆ ನೋಡಿಕೊಳ್ಳುತ್ತಿರುತ್ತಾರೆ, ಹಾಗಾಗಿ ಅವರಿಗೆ ಆ ಕೆಲಸ ಈಗ ಆಗುತ್ತದಾ ಇಲ್ಲವಾ ಅಂತ ಯಾರಿಗೂ ಗೊತ್ತೇ ಇರುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಲಿ.

ರಕ್ತ ಏನು ಮಾಡುತ್ತಾರೆ? ಸಕ್ಕರೆ, ಕೊಬ್ಬು, ಥೈರಾಯ್ಡ್, ಬಿ12 ಇಂಥವನ್ನು ನೋಡುತ್ತಾರೆ. ಒಂದಷ್ಟನ್ನು ತುಂಬಾ ತಣ್ಣಗೆ ಇಟ್ಟು ಮುಂದಿನ ಪರೀಕ್ಷೆಗಳಿಗೆ ಉಳಿಸಿಕೊಳ್ಳುತ್ತಾರೆ. ವಂಶವಾಹಿಯನ್ನೂ ನೋಡಬಹುದು. ಎಪಿಒಇ ಅನ್ನುವ ವಂಶವಾಹಿಯ ಒಂದು ಬಗೆ ಇದ್ದರೆ ಆಲ್ಝೈಮರ್ಸ್ ಬರುವ ಸಾಧ್ಯತೆ ಜಾಸ್ತಿ. ಆದರೆ ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೆ ಬರುವುದೇ ಇಲ್ಲ ಅಂತಲೂ ಅಲ್ಲ. ಅಜ್ಜಿಗೆ ಇತ್ತು ಅಂದ ಮಾತ್ರಕ್ಕೆ ಅಪ್ಪನಿಗೆ ಬಂದೇ ಬರುತ್ತದೆ ಅಂತ ನೀವು ಒಳಗೊಳಗೇ ಹೆದರಿದ್ದರೆ ಆ ಹೆದರಿಕೆ ಬಿಡಿ. ಹೆತ್ತವರಿಂದ ಮಕ್ಕಳಿಗೆ ನೇರವಾಗಿ ಇಳಿಯುವ ಜಾತಿಯ ಆಲ್ಝೈಮರ್ಸ್ ಬಹಳ ಅಪರೂಪ, ಅದು ಸಾಮಾನ್ಯವಾಗಿ 65ರ ಒಳಗೇ ಕಾಣಿಸಿಕೊಳ್ಳುತ್ತದೆ. ವಂಶವಾಹಿಯ ಫಲಿತಾಂಶ ಹೇಳುತ್ತಾರಾ ಇಲ್ಲವಾ ಅನ್ನುವುದು ಅಧ್ಯಯನದಿಂದ ಅಧ್ಯಯನಕ್ಕೆ ಬೇರೆ. ತಿಳಿದುಕೊಳ್ಳುವ ಮನಸ್ಸು ಅಪ್ಪನಿಗಿದೆಯಾ ಅಂತ ಸಹಿ ಹಾಕುವ ಮೊದಲೇ ಮಾತಾಡಿಕೊಳ್ಳಿ.

ಎಂಆರ್‌ಐನಲ್ಲಿ ಕ್ಷಕಿರಣ ಇಲ್ಲ. ತುಂಬಾ ಸದ್ದು ಮಾಡುತ್ತದೆ, ಕೊಳವೆಯೊಳಗೆ ಅಲ್ಲಾಡದೆ ಮಲಗಬೇಕು. ಎದೆಯಲ್ಲಿ ಪೇಸ್‌ಮೇಕರ್, ಮೈಯಲ್ಲಿ ಎಲ್ಲಾದರೂ ಲೋಹದ ತುಂಡು ಇದ್ದರೆ ಮೊದಲೇ ಹೇಳಬೇಕು. ಒಮ್ಮೊಮ್ಮೆ ಹುಡುಕದೇ ಇದ್ದದ್ದು ಸಿಗುತ್ತದೆ, ಹಿಂದೆ ಯಾವಾಗಲೋ ಆದ ಸಣ್ಣ ಪಾರ್ಶ್ವವಾಯುವಿನ ಗುರುತು, ಚಿಕ್ಕ ಗಡ್ಡೆ, ಹೀಗೆ. ಅಂಥದ್ದು ಸಿಕ್ಕರೆ ಯಾರಿಗೆ ಹೇಳುತ್ತಾರೆ, ಎಲ್ಲಿಗೆ ಕಳಿಸುತ್ತಾರೆ ಅಂತ ಕೇಳಿ.

ಅಪ್ಪನಿಗೆ ಇದರಿಂದ ಏನು ಲಾಭ? ಚಿಕಿತ್ಸೆಯ ಲೆಕ್ಕದಲ್ಲಿ ನೋಡಿದರೆ ಕಡಿಮೆ. ಇದನ್ನು ಮುಚ್ಚಿಟ್ಟು ಯಾರನ್ನೂ ಸೇರಿಸಿಕೊಳ್ಳಬಾರದು. ಗೊತ್ತಿಲ್ಲದೆ ಇದ್ದ ಬಿಪಿ ಗೊತ್ತಾಗಬಹುದು, ಸಕ್ಕರೆ ಹತೋಟಿಯಲ್ಲಿಲ್ಲ ಅಂತ ತಿಳಿಯಬಹುದು, ಕಿವಿ ಮಂದ ಆಗಿದ್ದು ಹೊರಗೆ ಬರಬಹುದು. ಇವು ಸಣ್ಣ ವಿಷಯ ಅಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ 14 ಅಂಶಗಳನ್ನು ಹೆಸರಿಸಿತು. ಬಿಪಿ, ಸಕ್ಕರೆ, ಕಿವಿ ಕೇಳಿಸದಿರುವುದು, ಕಣ್ಣಿನ ದೋಷಕ್ಕೆ ಚಿಕಿತ್ಸೆ ಆಗದಿರುವುದು, ಹೊಗೆಸೊಪ್ಪು, ಒಂಟಿತನ, ಓದು ಸಿಗದಿದ್ದದ್ದು ಎಲ್ಲ ಅದರಲ್ಲಿವೆ. ಇವೆಲ್ಲವನ್ನೂ ಸರಿಪಡಿಸಲು ಆದರೆ ಜಗತ್ತಿನ ಸುಮಾರು ಶೇ. 45 ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುವುದು ಅವರ ಅಂದಾಜು. ಹಾಗಾಗಿ ಬಿಪಿ, ಸಕ್ಕರೆಯ ವರದಿ ಕೈಗೆ ಕೊಡುತ್ತಾರಾ ಅಂತ ಕೇಳಿ, ಕೊಟ್ಟರೆ ಅದನ್ನು ಬೀರುವಿನಲ್ಲಿಡದೆ ನಿಮ್ಮ ಡಾಕ್ಟರಿಗೆ ತೋರಿಸಿ.

ಒಪ್ಪಿಗೆ ಪತ್ರ ಅಪ್ಪನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಕಡ್ಡಾಯವಾಗಿ ನೋಡಬೇಕಾದದ್ದು, ಯಾವಾಗ ಬೇಕಾದರೂ ಕಾರಣ ಕೊಡದೆ ಬಿಟ್ಟು ಹೋಗಬಹುದು ಅನ್ನುವ ಮಾತು, ಬಿಟ್ಟರೂ ಆ ಆಸ್ಪತ್ರೆಯಲ್ಲಿ ಸಿಗುವ ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ ಅನ್ನುವ ಮಾತು, ಮತ್ತು ನೈತಿಕ ಸಮಿತಿಯ ಫೋನ್ ನಂಬರು. ಆ ಸಮಿತಿ ಒಪ್ಪದೆ ಮನುಷ್ಯರ ಮೇಲೆ ಯಾವ ಅಧ್ಯಯನವೂ ನಡೆಯುವಂತಿಲ್ಲ. ನಂಬರಿಗೆ ಫೋನ್ ಮಾಡಿ ನೋಡಿ, ಅದಕ್ಕೆ ಅಂತಲೇ ಅದನ್ನು ಹಾಕಿರುತ್ತಾರೆ. ಓದಲು ಬಾರದವರಾದರೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರು ಪತ್ರವನ್ನು ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. "ಇಲ್ಲಿ ಒಂದು ಸಹಿ, ಅಲ್ಲಿ ಒಂದು ಸಹಿ" ಅಂತ ಅವಸರ ಮಾಡಿದರೆ ಪತ್ರ ಮನೆಗೆ ತೆಗೆದುಕೊಂಡು ಹೋಗಿ ನಾಳೆ ಬರುತ್ತೇವೆ ಅನ್ನಿ. ಒಳ್ಳೆಯ ತಂಡ ಬೇಡ ಅನ್ನುವುದಿಲ್ಲ.

ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಂಶೋಧನೆಗೆ ಬಂದವರು ಸಂಶೋಧನೆಯ ಪರೀಕ್ಷೆಗೆ ದುಡ್ಡು ಕೊಡುವುದು ಅನ್ನುವುದೇ ಇಲ್ಲ. ಬಸ್ ಚಾರ್ಜು, ಊಟ ಅವರೇ ನೋಡಿಕೊಳ್ಳುವುದು ರೂಢಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮರೆವಿನ ಕಾಯಿಲೆಗೆ ಸ್ಟೆಮ್ ಸೆಲ್ ಹಾಕುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಡಿಮೆನ್ಷಿಯಾಕ್ಕೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದ ಹೊರಗೆ ಅದನ್ನು ಕೊಡುವಂತಿಲ್ಲ, ಪ್ರಯೋಗ ಅಂದಮೇಲೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ.

ಈಗ ಅತ್ತೆಯ ವಿಷಯ.

ಅವರ ಪರವಾಗಿ ನೀವು ಸಹಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಕಾಗದಕ್ಕೆ ಸಾಕಾಗಬಹುದು. ಸ್ವಂತವಾಗಿ ತೀರ್ಮಾನ ಮಾಡಲಾಗದವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ, ಸಾಮಾನ್ಯವಾಗಿ ಹತ್ತಿರದ ಮನೆಯವರು, ಒಪ್ಪಿಗೆ ಕೊಡಬಹುದು. ಆದರೆ ನಿಮ್ಮ ಅತ್ತೆಗೆ ಇನ್ನೂ ಶುರು ಅಂದಿರಿ. ಶುರುವಿನಲ್ಲಿ ಬಹಳ ಜನ ನಿಧಾನವಾಗಿ, ಸರಳವಾಗಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಬೇಕು ಬೇಡ ಹೇಳುತ್ತಾರೆ. ನಿನ್ನೆ ತಿಂದದ್ದು ನೆನಪಿಲ್ಲ ಅಂದರೆ ತನ್ನ ಮೈಗೆ ಸೂಜಿ ಚುಚ್ಚಬಹುದಾ ಅಂತ ಹೇಳಲು ಬರುವುದಿಲ್ಲ ಅಂತಲ್ಲ. ಎಷ್ಟೋ ಮನೆಗಳಲ್ಲಿ ಆಲ್ಝೈಮರ್ಸ್ ಅನ್ನುವ ಹೆಸರು ಬಂದ ಮರುದಿನದಿಂದಲೇ ಅವರ ಎದುರಿಗೇ ಅವರ ಬಗ್ಗೆ ಬೇರೆಯವರ ಜೊತೆ ಮಾತಾಡಲು ಶುರು ಮಾಡುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಅತ್ತೆಗೆ ದಿನದಲ್ಲಿ ಯಾವ ಹೊತ್ತು ಚುರುಕಾಗಿರುತ್ತದೆ ಅಂತ ನಿಮಗೆ ಗೊತ್ತಿರುತ್ತದೆ, ಬಹಳ ಜನಕ್ಕೆ ಬೆಳಿಗ್ಗೆ. ಆಗ ಟಿವಿ ಆಫ್ ಮಾಡಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಎರಡು ಸಲವೂ ಒಂದೇ ಉತ್ತರ ಬಂದರೆ ಅದನ್ನು ಅವರ ಮಾತು ಅಂತ ತೆಗೆದುಕೊಳ್ಳಿ. ಮುಂದೆ ಕಾಯಿಲೆ ಹೆಚ್ಚಾದಾಗ ಇಂಥದ್ದರಲ್ಲಿ ಇರಬೇಕಾ, ಬಿಡಬೇಕಾ ಅಂತಲೂ ಈಗಲೇ ಕೇಳಿ ಬರೆದಿಡಿ. ಆಮೇಲೆ ಕೇಳಲು ಆಗುವುದಿಲ್ಲ.

ನೀವು ಸಹಿ ಹಾಕಿದ ಮೇಲೂ ಒಂದು ದಿನ ಅವರು ಕೈ ಹಿಂದಕ್ಕೆ ಎಳೆದುಕೊಂಡರೆ, ಬೇಡ ಅಂದರೆ, ಅಳಲು ಶುರು ಮಾಡಿದರೆ, ಅವತ್ತು ನಿಲ್ಲಿಸಬೇಕು. ಸಹಿ ಇದೆಯಲ್ಲ ಅಂತ ಹಿಡಿದು ಕೂರಿಸುವುದು ತಪ್ಪು. ಇದನ್ನು ತಂಡದವರಿಗೆ ಹೇಳುವ ಹಕ್ಕು ನಿಮಗಿದೆ.

ಪ್ರಯೋಗದ ಬಗ್ಗೆ ತಿಳಿದಿರಬೇಕಾದ ಒಂದು ನಿಜ ಉದಾಹರಣೆ ಕೊಡುತ್ತೇನೆ. ಲೆಕನೆಮ್ಯಾಬ್ ಅನ್ನುವ ಔಷಧಿಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಮೊದಲು 1,795 ಜನ ಒಂದೂವರೆ ವರ್ಷ ಅದರ ಪ್ರಯೋಗದಲ್ಲಿ ಇದ್ದರು, ಎಲ್ಲರದ್ದೂ ಶುರುವಿನ ಹಂತದ ಆಲ್ಝೈಮರ್ಸ್. ಅರ್ಧದಷ್ಟು ಜನಕ್ಕೆ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಡ್ರಿಪ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಔಷಧಿ ಪಡೆದವರಲ್ಲಿ ಕಾಯಿಲೆ ಹೆಚ್ಚಾಗುತ್ತಾ ಹೋಗುವ ವೇಗ ಶೇ. 27ರಷ್ಟು ಕಡಿಮೆ ಆಯಿತು. ಕೇಳಲು ದೊಡ್ಡದಾಗಿದೆ, ಆದರೆ ಕಾಯಿಲೆ ಎಷ್ಟಿದೆ ಅಂತ ನೋಡುವ 18 ಅಂಕದ ಅಳತೆಯಲ್ಲಿ ಎರಡು ಗುಂಪಿನ ವ್ಯತ್ಯಾಸ ಅರ್ಧ ಅಂಕಕ್ಕಿಂತ ಸ್ವಲ್ಪ ಕಡಿಮೆ. ಹೋದ ನೆನಪನ್ನು ವಾಪಸ್ ತರುವ ಔಷಧಿ ಅದಲ್ಲ. ಔಷಧಿ ಪಡೆದ ಶೇ. 12.6 ಜನರ ಸ್ಕ್ಯಾನಿನಲ್ಲಿ ಮಿದುಳಿನ ಊತ ಕಂಡಿತು. ಬಹಳ ಜನಕ್ಕೆ ಅದರಿಂದ ಏನೂ ತೊಂದರೆ ಕಾಣಲಿಲ್ಲ, ಕೆಲವರಿಗೆ ಕಂಡಿತು. ನಾನು ಮೇಲೆ ಹೇಳಿದ ಎಪಿಒಇಯ ಅಪಾಯದ ಬಗೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದವರಲ್ಲಿ ಈ ಊತ ಸುಮಾರು ಮೂರರಲ್ಲಿ ಒಬ್ಬರಿಗೆ.

ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಆ 1,795 ಜನ ಬರದೇ ಇದ್ದಿದ್ದರೆ ಈ ಒಂದು ಅಂಕಿಯೂ ನಮಗೆ ಗೊತ್ತಿರುತ್ತಿರಲಿಲ್ಲ. ಗೆದ್ದ ಔಷಧಿಯಲ್ಲೇ ಇಷ್ಟಿದೆ, ಸೋತ ಔಷಧಿಗಳು ಬಹಳ. ಹಾಗಾಗಿ "ಅತ್ತೆಗೆ ವಾಸಿ ಆಗಲಿ" ಅಂತ ಸೇರಿಸಬೇಡಿ. ಬೇರೆಯವರಿಗಾದರೂ ಮುಂದೆ ಸಹಾಯ ಆಗಲಿ ಅಂತ ಅತ್ತೆಗೆ ಅನ್ನಿಸಿದರೆ, ಮನೆಯವರ ಕೈಲಿ ಅಷ್ಟು ಸಲ ಕರೆದುಕೊಂಡು ಹೋಗಿ ಬರಲು ಆದರೆ, ಆಗ ಯೋಚಿಸಿ. ಆ ಓಡಾಟ ಯಾರ ಮೇಲೆ ಬೀಳುತ್ತದೆ ಅಂತ ಮೊದಲೇ ಮಾತಾಡಿಕೊಳ್ಳಿ. ಬಹಳ ಮನೆಗಳಲ್ಲಿ ಅದು ಯಾರೂ ಹೇಳದೆಯೇ ಸೊಸೆಯ ಪಾಲಿಗೆ ಬರುತ್ತದೆ, ಅವಳಿಗೆ ರಜೆ ಸಿಗುತ್ತದಾ ಅಂತ ಯಾರೂ ಕೇಳುವುದಿಲ್ಲ.

ಯಾವ ಪ್ರಯೋಗ ಅಂತ ಹೆಸರು ಸಿಕ್ಕರೆ ಸಿಟಿಆರ್‌ಐನಲ್ಲಿ ಹುಡುಕಿ. ಐಸಿಎಂಆರ್ ನಡೆಸುವ ದಾಖಲೆ ಅದು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. 2009ರಿಂದ ಔಷಧಿ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸುವುದು ಕಡ್ಡಾಯ. ಅಲ್ಲಿ ಇಲ್ಲ ಅಂದರೆ ಆ ಕಡೆ ತಲೆ ಹಾಕಬೇಡಿ. ಪ್ರಯೋಗದಿಂದ ತೊಂದರೆ ಆದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿದೆ. ಪ್ರಯೋಗ ಮುಗಿದ ಮೇಲೆ ಔಷಧಿಯಿಂದ ಗುಣ ಕಂಡಿದ್ದರೆ ಮುಂದೆಯೂ ಸಿಗುತ್ತದಾ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಕಾ, ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಇವನ್ನು ಕೇಳಿ ಉತ್ತರ ಬರೆದುಕೊಳ್ಳಿ. ಪರಿಚಯದವರ ಮಾತಿಗಿಂತ ಅತ್ತೆಯನ್ನು ನೋಡುತ್ತಿರುವ ನರರೋಗ ತಜ್ಞರ ಮಾತು ಮುಖ್ಯ, ಅವರಿಗೆ ಸ್ಕ್ಯಾನ್ ಗೊತ್ತಿದೆ, ಬೇರೆ ಕಾಯಿಲೆ ಗೊತ್ತಿದೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನಂತೂ ಬಿಡದೆ ಹೇಳಿ.

ಔಷಧಿ ಪ್ರಯೋಗ ಬೇಡ ಅಂತಾದರೆ ಅತ್ತೆಗೆ ಬಾಗಿಲು ಮುಚ್ಚಿತು ಅಂತಲ್ಲ. ಅವರೂ ಗಮನಿಸುವ ಅಧ್ಯಯನಕ್ಕೆ ಸೇರಬಹುದು. ನೋಡಿಕೊಳ್ಳುವ ಮನೆಯವರ ಕಷ್ಟವನ್ನೇ ತಿಳಿಯುವ ಅಧ್ಯಯನಗಳಿವೆ, ಅದರಲ್ಲಿ ನೀವು ಕೂಡ ಮಾತಾಡಬಹುದು. ಇನ್ನೊಂದು ದಾರಿ ಇದೆ, ಕೇಳಲು ಕಷ್ಟ, ಆದರೂ ಹೇಳುತ್ತೇನೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ತೀರಿಕೊಂಡ ಮೇಲೆ ಮನೆಯವರು ಒಪ್ಪಿ ಕೊಟ್ಟ ಮಿದುಳನ್ನು ಅಲ್ಲಿ ಸಂಶೋಧನೆಗೆ ಉಳಿಸಿಡುತ್ತಾರೆ. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ವರ್ಷ ವರ್ಷ ಪರೀಕ್ಷೆಗೆ ಕೂತು, ಸತ್ತ ಮೇಲೆ ಮಿದುಳು ಕೊಡಲೂ ಒಪ್ಪಿದ್ದರು. ಕೊನೆಯವರೆಗೂ ನೆನಪು ಚೆನ್ನಾಗಿದ್ದ ಕೆಲವರ ಮಿದುಳಿನಲ್ಲಿ ಆಲ್ಝೈಮರ್ಸ್‌ನ ಗುರುತು ತುಂಬಿತ್ತು. ಕಾಯಿಲೆಯ ಗುರುತು ಇದ್ದೂ ಕಾಯಿಲೆ ತೋರದೆ ಬದುಕಬಹುದು ಅಂತ ಗಟ್ಟಿಯಾಗಿ ತೋರಿಸಿದವರು ಅವರು. ಅತ್ತೆ ಹಿಂದೆ ಯಾವಾಗಲಾದರೂ ಕಣ್ಣು ದಾನ, ದೇಹ ದಾನದ ಮಾತು ಆಡಿದ್ದರಾ ನೆನಪು ಮಾಡಿಕೊಳ್ಳಿ. ಆಡಿದ್ದರೆ ಕೇಳಬಹುದು. ಇಲ್ಲದಿದ್ದರೆ ಒತ್ತಾಯ ಬೇಡ.

ಕೊನೆಗೆ ಅಮ್ಮನ ವಿಷಯ. ಅಪ್ಪ ಹೋಗುವ ದಿನ ಅವರನ್ನು ಮನೆಯಲ್ಲಿ ಬಿಡಬೇಡಿ, ಜೊತೆಗೆ ಕರೆದುಕೊಂಡು ಹೋಗಿ, ರಕ್ತದ ಪ್ರಶ್ನೆಯನ್ನು ಅವರೇ ತಂಡದವರಿಗೆ ಕೇಳಲಿ. ಉತ್ತರ ಸರಿ ಅನ್ನಿಸದಿದ್ದರೆ ವಾಪಸ್ ಬರುವ ಸ್ವಾತಂತ್ರ್ಯ ಇದ್ದೇ ಇದೆ. ಅವರಿಗೂ 45 ದಾಟಿದೆ ಅಲ್ವಾ? ಅವರನ್ನೂ ಸೇರಿಸಿಕೊಳ್ಳುತ್ತಾರಾ ಅಂತ ವಿಚಾರಿಸಿ. ಮನೆಯ ಗಂಡಸಿಗೆ ತಪಾಸಣೆ ಆಗುವಾಗ ಚೀಲ ಹಿಡಿದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿರುವ ಹೆಂಗಸರ ಬಗ್ಗೆಯೇ ನಮಗೆ ಕಡಿಮೆ ಗೊತ್ತಿರುವುದು.